ಕೋಟಿನ ಗುಂಡಿಯಲ್ಲಿ ಮಕ್ಕಳ ಎತ್ತರ ಅಳೆದ ಫೋಟೋಗ್ರಾಫರ್

ಬಸ್ಸಲ್ಲಿ ಕಂಡಕ್ಟರ್ ಬಂದು ಮಗು ವಯಸ್ಸೆಷ್ಟಮ್ಮಾ ಅಂತ ಕೇಳಿದ ತಕ್ಷಣ ತಾಯಂದಿರು ಒಂದೋ ಎರಡೋ ವರ್ಷ ಕಮ್ಮಿ ಮಾಡಿ ಹೇಳೋದು ನಮಗೆಲ್ಲ ಗೊತ್ತಿರೋದೇ. ಕಂಡಕ್ಟರ್ ಏನು ಬರ್ತ್ ಸರ್ಟಿಫಿಕೇಟ್ ಕೇಳಲ್ಲ, ಮಗುನ ಎದ್ದು ನಿಲ್ಲಿಸಿ ಒಂದ್ಸಲ ಮೇಲಿಂದ ಕೆಳಗೆ ನೋಡ್ತಾರೆ, ಹಾಫ್ ಟಿಕೆಟ್ಟೋ ಇಲ್ವೋ ಅಲ್ಲೇ ತೀರ್ಮಾನ ಆಗುತ್ತೆ. ನೂರು ವರ್ಷದ ಹಿಂದೆ ಅಮೆರಿಕದ ಹತ್ತಿ ಮಿಲ್ಲುಗಳಲ್ಲಿ ಇದರ ಉಲ್ಟಾ ನಡೀತಿತ್ತು. ಅಲ್ಲಿ ಅಪ್ಪ ಅಮ್ಮ ಮಗು ವಯಸ್ಸನ್ನ ಜಾಸ್ತಿ ಮಾಡಿ ಹೇಳ್ತಿದ್ರು, ಮಿಲ್ಲಿನವರು ಹೇಳಿದ್ದನ್ನ ಹಾಗೇ ಬರ್ಕೊಳ್ತಿದ್ರು, ಎಂಟೊಂಬತ್ತು ವರ್ಷದ ಹುಡುಗಿ ರಿಜಿಸ್ಟರಲ್ಲಿ ಹನ್ನೆರಡರವಳಾಗಿಬಿಡ್ತಿದ್ಲು. ಆ ಸುಳ್ಳನ್ನ ಹಿಡಿಯೋಕೆ ಒಬ್ಬ ಸ್ಕೂಲ್ ಮೇಷ್ಟ್ರು ಕ್ಯಾಮೆರಾ ಹೊತ್ಕೊಂಡು ಊರೂರು ತಿರುಗಿದ್ರು, ಅವರ ಹೆಸರು ಲೂಯಿಸ್ ಹೈನ್.

ಹೈನ್ ತೆಗೆದ ಫೋಟೋಗಳನ್ನ ನೀವು ಎಲ್ಲೋ ಒಂದ್ಕಡೆ ನೋಡೇ ಇರ್ತೀರಿ, ಹೆಸರು ಗೊತ್ತಿಲ್ದೇ ಇರಬಹುದು ಅಷ್ಟೇ. ಉದ್ದಕ್ಕೆ ನೂಲೋ ಮಷೀನು, ಅದರ ಪಕ್ಕ ಕೊಳೆ ಫ್ರಾಕ್ ಹಾಕ್ಕೊಂಡು ನಿಂತಿರೋ ಪುಟ್ಟ ಹುಡುಗಿ, ನೇರವಾಗಿ ನಮ್ಮನ್ನೇ ನೋಡ್ತಿರೋ ಕಣ್ಣು. ಜನ ಅದನ್ನ ಶೇರ್ ಮಾಡಿ "ಅಯ್ಯೋ ಪಾಪ" ಅಂತ ಹಾಕ್ತಾರೆ, ಅಲ್ಲಿಗೆ ಮುಗೀತು. ನಾನೂ ಬಹಳ ದಿನ ಹಾಗೇ ನೋಡಿದ್ದೆ. ಆದ್ರೆ ಫೋಟೋ ಜೊತೆ ಹೈನ್ ಬರೆದಿಟ್ಟ ಕ್ಯಾಪ್ಷನ್ ಓದಿದ ಮೇಲೆ ಅವು ಬೇರೆ ಥರನೇ ಕಾಣೋಕೆ ಶುರುವಾದ್ವು. ಅವರು ನಮ್ಮಿಂದ ಕೇಳ್ತಿರೋದು ಕಣ್ಣೀರಲ್ಲ, ನಮ್ಮ ಮುಂದೆ ಸಾಕ್ಷಿ ತಂದಿಡ್ತಿದಾರೆ. ಆ ಸಾಕ್ಷಿ ಹೇಗೆ ಕೆಲಸ ಮಾಡ್ತಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳೋಣ ಅಂತ ಇದನ್ನ ಬರೀತಿದೀನಿ.

ಒಂದು ಫೋಟೋದಿಂದ ಶುರು ಮಾಡೋಣ. 1908ರ ಡಿಸೆಂಬರ್, ನಾರ್ತ್ ಕೆರೊಲಿನಾದ ವಿಟ್ನೆಲ್ ಕಾಟನ್ ಮಿಲ್. ಎಡಗಡೆ ಕಿಟಕಿ ಸಾಲು, ಬಲಗಡೆ ಬಾಬಿನ್ (ನೂಲು ಸುತ್ತೋ ಕೊಳವೆ) ಸಾಲು, ಮಧ್ಯ ದಾರೀಲಿ ಒಬ್ಬ ಹುಡುಗಿ. ಹೈನ್ ಕೆಳಗೆ ಬರೆದಿರೋದು ಹೆಚ್ಚು ಕಮ್ಮಿ ಹೀಗಿದೆ: ವಿಟ್ನೆಲ್ ಮಿಲ್ಲಿನ ನೂಲುವವರಲ್ಲಿ ಒಬ್ಬಳು. ಎತ್ತರ 51 ಇಂಚು. ಮಿಲ್ಲಿಗೆ ಬಂದು ಒಂದು ವರ್ಷ ಆಯ್ತು. ಕೆಲವು ಸಲ ರಾತ್ರಿ ಕೆಲಸ. 4 ಸೈಡ್ ನೋಡ್ಕೊಳ್ತಾಳೆ, ದಿನಕ್ಕೆ 48 ಸೆಂಟ್. ವಯಸ್ಸೆಷ್ಟು ಅಂದಾಗ ತಡವರಿಸಿ "ನೆನಪಿಲ್ಲ" ಅಂದಳು, ಆಮೇಲೆ ಗುಟ್ಟಾಗಿ "ಕೆಲಸ ಮಾಡೋಷ್ಟು ವಯಸ್ಸಾಗಿಲ್ಲ ನಂಗೆ, ಆದ್ರೂ ಮಾಡ್ತೀನಿ" ಅಂದಳು. 50 ಜನ ಕೆಲಸದವರಲ್ಲಿ ಇವಳಷ್ಟೇ ಇರೋ ಮಕ್ಕಳು ಹತ್ತು.

ಇದರಲ್ಲಿ ಒಂದು ವಿಶೇಷಣ ಇದೆಯಾ ನೋಡಿ. ಬಡಪಾಯಿ, ಅನಾಥೆ, ಮುಗ್ಧ ಮುಖ, ಇಂಥದ್ದೇನೂ ಇಲ್ಲ. ಎತ್ತರ, ಸರ್ವಿಸು, ಪಾಳಿ, ಕೆಲಸದ ಹೊರೆ, ಕೂಲಿ, ಅವಳ ಬಾಯಿಂದಲೇ ಬಂದ ಒಂದು ಮಾತು, ಕೊನೆಗೆ ಇಡೀ ಮಿಲ್ಲಿನ ಲೆಕ್ಕ. ಪೊಲೀಸ್ ಮಹಜರಿನ ಥರ ಇದೆ. ಮತ್ತೆ ವಯಸ್ಸಿನ ಜಾಗದಲ್ಲಿ ವಯಸ್ಸೇ ಇಲ್ಲ, ಇಂಚು ಇದೆ. ಯಾಕೆ ಇಂಚು ಅನ್ನೋದೇ ಇಡೀ ಕಥೆ, ಅದಕ್ಕೆ ಬರ್ತೀನಿ, ಮೊದಲು ಆ ಮಕ್ಕಳು ಮಿಲ್ಲೊಳಗೆ ಹೇಗೆ ಬಂದ್ರು ಅನ್ನೋದು ಗೊತ್ತಾಗಬೇಕು.

ಮಿಲ್ಲು ಮತ್ತೆ ಮಕ್ಕಳ ನಂಟು ಮಿಲ್ಲಿನಷ್ಟೇ ಹಳೇದು. ಅಮೆರಿಕದ ಪಾಟಕೆಟ್ ಅನ್ನೋ ಊರಲ್ಲಿ ಸ್ಯಾಮುಯೆಲ್ ಸ್ಲೇಟರ್ 1790ರಲ್ಲಿ ನೀರಿನ ಶಕ್ತಿಯಿಂದ ಹತ್ತಿ ನೂಲೋಕೆ ಶುರು ಮಾಡಿದಾಗ ಅವನ ಹತ್ರ ಮೊದಲು ಕೆಲಸಕ್ಕೆ ಬಂದ ಒಂಬತ್ತು ಜನಾನೂ ಮಕ್ಕಳೇ, ಏಳರಿಂದ ಹನ್ನೆರಡು ವರ್ಷದವರು. ಇಂಗ್ಲೆಂಡಿನ ಮಿಲ್ಲುಗಳಲ್ಲಿ ಅದಕ್ಕೂ ಮುಂಚಿಂದ ಇದೇ ಕಥೆ, ಆದ್ರೆ ಅಲ್ಲಿ 1833ರಲ್ಲಿ ಒಂಬತ್ತು ವರ್ಷದ ಕೆಳಗಿನವರನ್ನ ಬಟ್ಟೆ ಮಿಲ್ಲುಗಳಿಗೆ ಸೇರಿಸಬಾರದು ಅಂತ ಕಾನೂನು ಬಂದಾಗ ಫೋಟೋಗ್ರಫಿ ಅನ್ನೋದು ಇನ್ನೂ ಜನಕ್ಕೆ ಗೊತ್ತೇ ಇರಲಿಲ್ಲ, ಅದು ಬಂದಿದ್ದು 1839ಕ್ಕೆ. ಹಾಗಾಗಿ ಅಲ್ಲಿನ ಮಕ್ಕಳ ಕಷ್ಟ ನಮಗೆ ಉಳಿದಿರೋದು ಪಾರ್ಲಿಮೆಂಟ್ ಸಮಿತಿ ಮುಂದೆ ಜನ ಹೇಳಿದ ಮಾತುಗಳಲ್ಲಿ, ಮುಖಗಳಲ್ಲಿ ಅಲ್ಲ.

ಅಮೆರಿಕದ ದಕ್ಷಿಣದಲ್ಲಿ ಹತ್ತಿ ಬೆಳೀತಿತ್ತೇ ಹೊರತು ಮಿಲ್ಲುಗಳು ಜಾಸ್ತಿ ಇರಲಿಲ್ಲ, 1880ರ ನಂತರ ಕೆರೊಲಿನಾ, ಜಾರ್ಜಿಯಾ, ಅಲಬಾಮಾದಲ್ಲಿ ಸಾಲಾಗಿ ಏಳೋಕೆ ಶುರುವಾದ್ವು. ಅಷ್ಟೊತ್ತಿಗೆ ರಿಂಗ್ ಫ್ರೇಮ್ ಅನ್ನೋ ನೂಲೋ ಮಷೀನು ಬಂದಿತ್ತು. ಅದಕ್ಕೂ ಮುಂಚಿನ ಮ್ಯೂಲ್ ಅನ್ನೋ ಮಷೀನನ್ನ ನಡೆಸೋಕೆ ಪಳಗಿದ ಗಂಡಾಳು ಬೇಕಿತ್ತು, ಕಸುಬು ಗೊತ್ತಿರಬೇಕಿತ್ತು. ರಿಂಗ್ ಫ್ರೇಮ್ ಹಾಗಲ್ಲ, ಅದು ತನ್ನ ಪಾಡಿಗೆ ತಾನು ನೂಲುತ್ತೆ, ಪಕ್ಕದಲ್ಲಿ ಯಾರಾದ್ರೂ ಓಡಾಡ್ತಾ ಕಿತ್ತೋದ ಎಳೆನ ಬೆರಳಲ್ಲಿ ಹಿಡಿದು ಮತ್ತೆ ಸೇರಿಸಿದ್ರೆ ಸಾಕು. ಮಷೀನಿನ ಒಂದೊಂದು ಬದಿಗೆ ಸೈಡ್ ಅಂತಾರೆ, ಒಂದೊಂದು ಸೈಡಲ್ಲಿ ನೂರರ ಆಸುಪಾಸು ಕದಿರು ಇರುತ್ವೆ, ಅಂದ್ರೆ ವಿಟ್ನೆಲ್ಲಿನ ಆ ಹುಡುಗಿ ನಾಲ್ಕು ಸೈಡ್ ನೋಡ್ತಿದ್ಲು ಅಂದ್ರೆ ಹತ್ತತ್ರ ನಾನೂರು ಎಳೆಗಳ ಮೇಲೆ ಕಣ್ಣಿಟ್ಟು ಉದ್ದಕ್ಕೂ ಹೋಗ್ತಾ ಬರ್ತಾ ಇರಬೇಕು. ಸಣ್ಣ ಬೆರಳಿದ್ರೆ ಕೆಲಸ ಚೆನ್ನಾಗಾಗುತ್ತೆ ಅಂತ ಮಾಲೀಕರು ಹೇಳ್ತಿದ್ರು, ಅದು ಬರೀ ನೆಪ, ದೊಡ್ಡವರ ಬೆರಳಿಗೂ ಆಗೋ ಕೆಲಸನೇ ಅದು, ಕೂಲಿ ಕಮ್ಮಿ ಅನ್ನೋದೇ ನಿಜವಾದ ಕಾರಣ.

ಹುಡುಗಿಯರು ಹೆಚ್ಚಾಗಿ ಎಳೆ ಸೇರಿಸೋ ಕೆಲಸದಲ್ಲಿದ್ರು, ಹುಡುಗರು ಡಾಫರ್‌ಗಳು. ಡಾಫರ್ ಅಂದ್ರೆ ನೂಲು ತುಂಬಿದ ಬಾಬಿನ್‌ಗಳನ್ನ ಚಕಚಕ ಕಿತ್ತು ಖಾಲಿ ಬಾಬಿನ್ ಹಾಕೋನು. ಹೈನ್ 1909ರ ಜನವರೀಲಿ ಜಾರ್ಜಿಯಾದ ಮೇಕನ್ನಲ್ಲಿ ಬಿಬ್ ಮಿಲ್ಲಲ್ಲಿ ತೆಗೆದ ಫೋಟೋ ಇದೆ, ಬರಿಗಾಲಿನ ಹುಡುಗ್ರು ಮಷೀನಿನ ಮೇಲೇ ಹತ್ತಿ ನಿಂತಿದಾರೆ, ಯಾಕಂದ್ರೆ ನೆಲದ ಮೇಲೆ ನಿಂತ್ರೆ ಬಾಬಿನ್ ಕೈಗೆ ಎಟುಕಲ್ಲ. ಕ್ಯಾಪ್ಷನ್‌ನಲ್ಲೂ ಅದನ್ನೇ ಬರೆದಿದಾರೆ, ಕೆಲವು ಮಕ್ಕಳು ಎಷ್ಟು ಚಿಕ್ಕವರಂದ್ರೆ ಮಷೀನು ಹತ್ತಿ ಎಳೆ ಸೇರಿಸಬೇಕು ಅಂತ. ಎಳೆ ಸೇರಿಸೋವಾಗ ಮಷೀನು ನಿಲ್ಲಿಸಿರಲ್ಲ, ಬೆಲ್ಟು ಗೇರು ಎಲ್ಲಾ ಓಡ್ತಾನೇ ಇರುತ್ತೆ. ಬೆರಳು ಕಳ್ಕೊಂಡ ಮಕ್ಕಳ ಫೋಟೋಗಳೂ ಅವರ ಸಂಗ್ರಹದಲ್ಲಿವೆ, ಅದನ್ನ ಇಲ್ಲಿ ವಿವರಿಸೋಕೆ ಹೋಗಲ್ಲ.

ಗಾಳಿ ವಿಷಯ ಇನ್ನೊಂದು. ಒಣ ಗಾಳೀಲಿ ನೂಲು ಬೇಗ ಕಿತ್ತೋಗುತ್ತೆ ಅಂತ ಕಿಟಕಿ ಮುಚ್ಚಿ ಒಳಗೆ ತೇವ ಇಡ್ತಿದ್ರು, ಆ ಬಿಸಿ ತೇವದ ತುಂಬ ಹತ್ತಿ ಧೂಳು ಹಾರಾಡ್ತಿರ್ತಿತ್ತು, ಹನ್ನೊಂದು ಹನ್ನೆರಡು ಗಂಟೆ, ವಾರಕ್ಕೆ ಆರು ದಿನ, ಅದನ್ನೇ ಉಸಿರಾಡಬೇಕು. ಹತ್ತಿ ಧೂಳಿಂದ ಶ್ವಾಸಕೋಶಕ್ಕೆ ಬರೋ ಕಾಯಿಲೆಗೆ ಆಮೇಲೆ ಬ್ರೌನ್ ಲಂಗ್ ಅಂತ ಹೆಸರು ಬಂತು, ಆದ್ರೆ ಅಮೆರಿಕ ಸರ್ಕಾರ ಮಿಲ್ಲುಗಳ ಹತ್ತಿ ಧೂಳಿಗೆ ಮಿತಿ ಹಾಕಿದ್ದು 1978ರಲ್ಲಿ.

ಅಪ್ಪ ಅಮ್ಮಂದಿರನ್ನ ಬೈಯೋದು ಸುಲಭ. ಅವರು ಯಾರು ಅಂತ ನೋಡಿದ್ರೆ, ಬೇರೆಯವರ ಹೊಲದಲ್ಲಿ ಕೋರು ಪಾಲಿಗೆ ಹತ್ತಿ ಬೆಳೆದು ಸಾಲಕ್ಕೆ ಬಿದ್ದು ಬೇಸತ್ತು ಮಿಲ್ಲಿನ ಊರಿಗೆ ಬಂದೋರು. ಮನೆ ಮಿಲ್ಲಿಂದು, ಅಂಗಡಿ ಮಿಲ್ಲಿಂದು, ಎಷ್ಟೋ ಕಡೆ ಚರ್ಚು ಸ್ಕೂಲು ಕೂಡ ಮಿಲ್ಲಿನ ದುಡ್ಡಲ್ಲಿ ನಡೀತಿದ್ದದ್ದು. ಮನೆ ಬೇಕಂದ್ರೆ ಮನೆಯಿಂದ ಇಷ್ಟು ಜನ ಕೆಲಸಕ್ಕೆ ಬರಬೇಕು ಅನ್ನೋ ಲೆಕ್ಕ ಇರ್ತಿತ್ತು. ಅಪ್ಪನ ಒಬ್ಬನ ಕೂಲೀಲಿ ಸಂಸಾರ ಸಾಗದ ಹಾಗೆ ಕೂಲಿನ ಇಟ್ಟು, ಆಮೇಲೆ ನೋಡಿ ಅಪ್ಪಂದಿರೇ ಮಕ್ಕಳನ್ನ ಕರ್ಕೊಂಡು ಬರ್ತಾರೆ ನಾವೇನ್ ಮಾಡೋಣ ಅಂತ ಹೇಳೋದು, ಇದು ನನಗೆ ಇಡೀ ವ್ಯವಸ್ಥೆಯಲ್ಲೇ ಅತಿ ಕ್ರೂರವಾದ ಭಾಗ ಅನ್ಸುತ್ತೆ.

ಕಾನೂನು ಇರಲಿಲ್ವಾ ಅಂದ್ರೆ, ಇತ್ತು. ನಾರ್ತ್ ಕೆರೊಲಿನಾದಲ್ಲಿ 1903ರಲ್ಲೇ ಹನ್ನೆರಡರ ಕೆಳಗಿನವರು ಫ್ಯಾಕ್ಟರೀಲಿ ಕೆಲಸ ಮಾಡಬಾರದು ಅಂತ ಕಾನೂನಾಗಿತ್ತು, ಸೌತ್ ಕೆರೊಲಿನಾದಲ್ಲೂ ಅದೇ ಹೊತ್ತಿಗೆ ಬಂತು, ಅಲ್ಲಿ ಅನಾಥರಿಗೆ, ವಿಧವೆಯ ಮಕ್ಕಳಿಗೆ ವಿನಾಯಿತಿ ಬೇರೆ, ಅಂದ್ರೆ ಯಾರಿಗೆ ರಕ್ಷಣೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರನ್ನೇ ಹೊರಗಿಟ್ರು. ಆದ್ರೆ ಇದೆಲ್ಲದರ ಬುಡ ವಯಸ್ಸು. ಮಗುವಿಗೆ ಹನ್ನೆರಡಾಗಿದೆಯಾ ಇಲ್ವಾ ಅಂತ ಗೊತ್ತಾಗೋದು ಹೇಗೆ? ಆ ರಾಜ್ಯಗಳಲ್ಲಿ ಜನನ ನೋಂದಣಿ ಅನ್ನೋದು ಸರಿಯಾಗಿ ಇರಲೇ ಇಲ್ಲ. ಅಪ್ಪನೋ ಅಮ್ಮನೋ ಹೇಳಿದ್ದೇ ವಯಸ್ಸು. ಇನ್ನು ರಿಜಿಸ್ಟರಲ್ಲಿ ಹೆಸರೇ ಇಲ್ಲದ ಮಕ್ಕಳು ಸಿಕ್ಕಿದ್ರೆ ಮ್ಯಾನೇಜರು ಹೇಳೋ ಉತ್ತರ ರೆಡಿ ಇರ್ತಿತ್ತು: ಅವಳು ಕೆಲಸದವಳಲ್ಲ, ಅಕ್ಕಂಗೆ ಊಟ ತಂದಿದ್ಲು, ಹಾಗೇ ಹೆಲ್ಪ್ ಮಾಡ್ತಿದಾಳೆ. ಹೆಲ್ಪರ್ ಅನ್ನೋ ಈ ಪದ ಹೈನ್ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಮಗು ಮಾಡಿದ ಕೆಲಸದ ಕೂಲಿ ಅಕ್ಕನ ಹೆಸರಿಗೆ ಸೇರುತ್ತೆ, ಮಗು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಇಂಥ ಜಾಗಕ್ಕೆ ಹೈನ್ ಬಂದಿದ್ದು. ಹುಟ್ಟಿದ್ದು 1874ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಓಶ್ಕಾಶ್ ಅನ್ನೋ ಊರಲ್ಲಿ. ಹದಿನೆಂಟರ ಆಸುಪಾಸಲ್ಲಿ ಅಪ್ಪ ತೀರ್ಕೊಂಡ್ರು, ಫರ್ನಿಚರ್ ಫ್ಯಾಕ್ಟರೀಲಿ ದಿನಕ್ಕೆ ಹದಿಮೂರು ಗಂಟೆ ದುಡಿದ್ರು, ವಾರಕ್ಕೆ ನಾಲ್ಕು ಡಾಲರ್ ಸಿಗ್ತಿತ್ತು. ಅಂದ್ರೆ ಉದ್ದ ಪಾಳಿ ಏನು ಅಂತ ಅವರ ಮೈಗೇ ಗೊತ್ತಿತ್ತು. ಆಮೇಲೆ ಓದಿ ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಸ್ಕೂಲಲ್ಲಿ ಮೇಷ್ಟ್ರಾದ್ರು, ಪಾಠಕ್ಕೆ ಉಪಯೋಗ ಆಗಲಿ ಅಂತ ಸ್ಕೂಲಿನವರೇ ಕ್ಯಾಮೆರಾ ಕೈಗೆ ಕೊಟ್ರು, ಎಲ್ಲಿಸ್ ಐಲೆಂಡ್‌ನಲ್ಲಿ ಹಡಗಿಂದ ಇಳೀತಿದ್ದ ವಲಸಿಗರ ಫೋಟೋ ತೆಗೀತಾ ಕೈ ಪಳಗ್ತು. 1904ರಲ್ಲಿ ಮಕ್ಕಳ ದುಡಿಮೆ ವಿರುದ್ಧ ಹೋರಾಡೋಕೆ ನ್ಯಾಷನಲ್ ಚೈಲ್ಡ್ ಲೇಬರ್ ಕಮಿಟಿ ಅಂತ ಒಂದು ಸಂಸ್ಥೆ ಹುಟ್ಟಿತ್ತು, 1908ರಲ್ಲಿ ಹೈನ್ ಮೇಷ್ಟ್ರ ಕೆಲಸ ಬಿಟ್ಟು ಅದಕ್ಕೆ ಫುಲ್ ಟೈಮ್ ಸೇರಿದ್ರು. ಅಷ್ಟೊತ್ತಿಗೆ 1900ರ ಜನಗಣತಿ ಪ್ರಕಾರ ಆ ದೇಶದಲ್ಲಿ 10ರಿಂದ 15 ವರ್ಷದ ಸುಮಾರು ಹದಿನೇಳೂವರೆ ಲಕ್ಷ ಮಕ್ಕಳು ದುಡೀತಿದ್ರು, ಹತ್ತರ ಕೆಳಗಿನವರನ್ನ ಗಣತಿಯವರು ಈ ಲೆಕ್ಕಕ್ಕೇ ಸೇರಿಸಿರಲಿಲ್ಲ.

ಕೆಲಸ ಹೇಗೆ ನಡೀತಿತ್ತು ಅನ್ನೋದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆಗುತ್ತೆ.

ಕ್ಯಾಮೆರಾ ಅಂದ್ರೆ ಈಗಿನ ಥರ ಜೇಬಲ್ಲಿ ಇಡೋದಲ್ಲ, 5 ಇಂಚು 7 ಇಂಚಿನ ಪ್ಲೇಟ್ ಹಾಕೋ ಮರದ ಡಬ್ಬ, ಸ್ಟ್ಯಾಂಡು, ಒಂದೊಂದು ಫೋಟೋಗೂ ಒಂದೊಂದು ಗಾಜಿನ ಪ್ಲೇಟು. ಒಳಗೆ ಬೆಳಕು ಸಾಲದಿದ್ರೆ ಮೆಗ್ನೀಸಿಯಂ ಪುಡಿನ ತಟ್ಟೆ ಮೇಲೆ ಹಾಕಿ ಹೊತ್ತಿಸಬೇಕು, ಧಗ್ ಅಂತ ಬೆಳಕು, ಆಮೇಲೆ ದಟ್ಟ ಬಿಳಿ ಹೊಗೆ. ಇಷ್ಟೆಲ್ಲ ಸಾಮಾನು ಇಟ್ಕೊಂಡು ಕದ್ದು ಫೋಟೋ ತೆಗೆಯೋಕೆ ಸಾಧ್ಯನೇ ಇಲ್ಲ. ಹಾಗಾಗಿ ಒಳಗೆ ಹೋಗೋಕೆ ಏನಾದ್ರೂ ಹೇಳಲೇಬೇಕು, ಹೈನ್ ಒಂದ್ಕಡೆ ಬೈಬಲ್ ಮಾರೋರು, ಒಂದ್ಕಡೆ ಪೋಸ್ಟ್ ಕಾರ್ಡ್ ಮಾರೋರು, ಇನ್ನೊಂದ್ಕಡೆ ಇನ್ಶೂರೆನ್ಸಿನವರು, ಮತ್ತೊಂದ್ಕಡೆ ಮಷೀನುಗಳ ಫೋಟೋ ತೆಗೆಯೋಕೆ ಬಂದಿರೋ ಇಂಡಸ್ಟ್ರಿಯಲ್ ಫೋಟೋಗ್ರಾಫರ್. ಈ ಕೊನೇದು ಚೆನ್ನಾಗಿ ನಡೀತಿತ್ತು, ಮಷೀನು ಎಷ್ಟು ದೊಡ್ಡದು ಅಂತ ಕಾಣೋಕೆ ಪಕ್ಕ ಒಂದು ಮಗು ನಿಲ್ಲಿಸಿ ಅಂದ್ರೆ ಫೋರ್‌ಮನ್ ತಾನೇ ಮುಂದೆ ನಿಂತು ನಿಲ್ಲಿಸ್ತಿದ್ದ.

ಈಗ ಗುಂಡಿ ವಿಷಯ. ಒಳಗೆ ಟೇಪು ತೆಗೆದು ಮಕ್ಕಳನ್ನ ಅಳೀತಾ ನಿಂತ್ರೆ ಆಚೆ ತಳ್ತಾರೆ, ನೋಟ್‌ಬುಕ್ ತೆಗೆದು ಬರೆದ್ರೂ ಅನುಮಾನ. ಹೈನ್ ತಮ್ಮ ಕೋಟಿನ ಒಂದೊಂದು ಗುಂಡಿ ನೆಲದಿಂದ ಎಷ್ಟು ಇಂಚು ಮೇಲಿದೆ ಅಂತ ಮೊದಲೇ ಲೆಕ್ಕ ಹಾಕಿ ಇಟ್ಕೊಂಡಿದ್ರು. ಮಗು ಹತ್ರ ನಿಂತು ಮಾತಾಡಿಸ್ತಾ ತಲೆ ಯಾವ ಗುಂಡಿಗೆ ಬಂತು ಅಂತ ನೋಡಿದ್ರೆ ಎತ್ತರ ಗೊತ್ತಾಯ್ತು. ಕೈನ ಕೋಟಿನ ಜೇಬೊಳಗೆ ಇಟ್ಕೊಂಡು ಅಲ್ಲೇ ಪೆನ್ಸಿಲ್ಲಲ್ಲಿ ಕಣ್ಣಿಗೆ ಕಾಣದ ಹಾಗೆ ಗೀಚ್ಕೊಳ್ತಿದ್ರು. ಒಳಗೆ ಬಿಡದಿದ್ದ ಕಡೆ ಗೇಟಿನ ಹತ್ರ ಕಾಯ್ತಿದ್ರು, ಬೆಳಗಾಗೋ ಮುಂಚೆ ಪಾಳಿ ಶುರುವಾಗೋವಾಗ, ಮಧ್ಯಾಹ್ನ ಊಟದ ಹೊತ್ತಲ್ಲಿ, ಸಂಜೆ ಬಿಡೋವಾಗ, ಅದಕ್ಕೇ ಅವರ ಎಷ್ಟೋ ಫೋಟೋಗಳು ಮಿಲ್ಲಿನ ಬಾಗಿಲ ಮುಂದೆ ಮಕ್ಕಳ ಗುಂಪು ನಿಂತಿರೋವು. ಮನೆಗಳಿಗೂ ಹೋಗಿ ಅಪ್ಪ ಅಮ್ಮನ್ನ ಕೇಳ್ತಿದ್ರು, ಮನೆ ಬೈಬಲ್ಲಲ್ಲಿ ಮಕ್ಕಳು ಹುಟ್ಟಿದ ತಾರೀಕು ಬರೆದಿಟ್ಟಿದ್ರೆ ಅದನ್ನೂ ನೋಡ್ತಿದ್ರು.

ಇಂಚು ಯಾಕೆ ಅಂತ ಈಗ ಗೊತ್ತಾಗುತ್ತೆ. "ಈ ಹುಡುಗಿಗೆ ಎಂಟು ವರ್ಷ" ಅಂತ ಬರೆದ್ರೆ ಮಿಲ್ಲಿನವರು ಇಲ್ಲ ಹನ್ನೆರಡು ಅಂತಾರೆ, ಅಪ್ಪ ಸಹಿ ಹಾಕಿದ ಕಾಗದ ತೋರಿಸ್ತಾರೆ, ಮಾತಿಗೆ ಮಾತಾಗುತ್ತೆ. "51 ಇಂಚು" ಅಂದ್ರೆ ಯಾರೂ ಇಲ್ಲ ಅನ್ನೋಕಾಗಲ್ಲ, ಬೇಕಿದ್ರೆ ಹೋಗಿ ಅಳೀರಿ. ಓದೋರು ತಮ್ಮ ಮನೆ ಬಾಗಿಲ ಪಟ್ಟಿಗೆ ತಮ್ಮ ಮಗುನ ನಿಲ್ಲಿಸಿ ಹೋಲಿಸಿ ನೋಡಬಹುದು. 51 ಇಂಚು ಅಂದ್ರೆ ನಾಲ್ಕಡಿ ಮೂರಿಂಚು, ಈಗಿನ ಲೆಕ್ಕದಲ್ಲಿ ಎಂಟೊಂಬತ್ತು ವರ್ಷದ ಮಗು. 1908ರ ನವೆಂಬರಲ್ಲಿ ಸೌತ್ ಕೆರೊಲಿನಾದ ಲ್ಯಾಂಕಾಸ್ಟರ್ ಮಿಲ್ಲಲ್ಲಿ ತೆಗೆದ ಇನ್ನೊಂದು ಹುಡುಗಿ ಫೋಟೋದಲ್ಲಿ 48 ಇಂಚು ಅಂತ ಇದೆ, ಸರಿಯಾಗಿ ನಾಲ್ಕಡಿ.

ಇದಕ್ಕೊಂದು ನ್ಯಾಯವಾದ ಆಕ್ಷೇಪ ಇದೆ, ಅದನ್ನ ಮುಚ್ಚಿಡಬಾರದು. ಎತ್ತರ ಅಂದ್ರೆ ವಯಸ್ಸಲ್ಲ. ಹೊಟ್ಟೆಗೆ ಸರಿಯಾಗಿ ಇಲ್ಲದ ಮಗು ಗಿಡ್ಡ ಇರುತ್ತೆ, ಆಗ ದಕ್ಷಿಣದ ಹಳ್ಳಿಗಳಲ್ಲಿ ಕೊಕ್ಕೆಹುಳದ (ಕರುಳಲ್ಲಿ ಸೇರಿ ರಕ್ತ ಹೀರೋ ಹುಳ) ಕಾಟ ಎಷ್ಟಿತ್ತಂದ್ರೆ 1909ರಲ್ಲಿ ರಾಕ್‌ಫೆಲರ್ ದುಡ್ಡಲ್ಲಿ ಅದಕ್ಕೇ ಅಂತ ಒಂದು ಆಯೋಗ ಮಾಡಬೇಕಾಯ್ತು, ಮಕ್ಕಳು ಬಿಳಿಚಿಕೊಂಡಿರೋದು ಹುಳದಿಂದ, ಮಿಲ್ಲಿಂದಲ್ಲ ಅನ್ನೋ ವಾದಾನೂ ಬಂತು. ಹೈನ್ ಎತ್ತರದಿಂದ ವಯಸ್ಸನ್ನ ಲೆಕ್ಕ ಹಾಕಿ ತೀರ್ಪು ಕೊಡದೆ ಎತ್ತರನ ಎತ್ತರ ಅಂತಲೇ ಬರೆದು ಬಿಟ್ಟಿದ್ದು ನನಗೆ ದೊಡ್ಡ ವಿಷಯ ಅನ್ಸೋದು ಇದಕ್ಕೇ. ಹನ್ನೆರಡು ವರ್ಷದ ಮಗು 48 ಇಂಚೇ ಇದ್ರೆ ಅದೂ ಒಂದು ದೂರೇ ತಾನೆ.

ಇನ್ನು ಫೋಟೋ ಆಗಿ ಇವು ಹೇಗಿವೆ ಅಂತ ನೋಡಿ. ದೊಡ್ಡೋರು ಮಕ್ಕಳ ಫೋಟೋ ತೆಗೆಯೋವಾಗ ನಿಂತ್ಕೊಂಡೇ ತೆಗೀತಾರೆ, ಮಗು ಕೆಳಗಿಂದ ಮೇಲೆ ನೋಡ್ತಿರುತ್ತೆ, ತಾನಾಗೇ ಪಾಪದ ಥರ ಕಾಣುತ್ತೆ. ಹೈನ್ ಕ್ಯಾಮೆರಾನ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸ್ತಿದ್ರು. ಆಗ ಮಗು ನಮ್ಮನ್ನ ಸಮಕ್ಕೆ ನೋಡುತ್ತೆ, ಮಷೀನು ಮಗುವಿಗೆ ಎಷ್ಟು ದೊಡ್ಡದಾಗಿ ಕಾಣ್ತಿತ್ತೋ ನಮಗೂ ಅಷ್ಟೇ ದೊಡ್ಡದಾಗಿ ಕಾಣುತ್ತೆ. ದೊಡ್ಡ ಪ್ಲೇಟಿನ ಕ್ಯಾಮೆರಾ, ಕಮ್ಮಿ ಬೆಳಕು, ಲೆನ್ಸನ್ನ ಪೂರ್ತಿ ತೆರೀಬೇಕಾಗುತ್ತೆ, ಹಾಗಾಗಿ ಫೋಕಸ್ ಮಗುವಿನ ಮೇಲೆ ಮಾತ್ರ ನಿಲ್ಲುತ್ತೆ, ಹಿಂದಿನ ಬಾಬಿನ್ ಸಾಲು ಮಸುಕಾಗ್ತಾ ಹೋಗಿ ಕೊನೆ ಎಲ್ಲಿ ಅಂತಲೇ ಕಾಣಲ್ಲ. ಬೇಕಂತ ಮಾಡಿದ್ದೋ ಸಾಮಾನಿನ ಮಿತಿಯಿಂದ ಆಗಿದ್ದೋ, ಎರಡೂ ಸೇರಿರಬೇಕು, ಆದ್ರೆ ಆ ಹುಡುಗಿಗೆ ಆ ಸಾಲು ಮುಗಿಯೋದೇ ಇಲ್ಲ ಅನ್ನೋದು ಒಂದು ಮಾತೂ ಇಲ್ಲದೆ ನಮಗೆ ತಲುಪುತ್ತೆ.

ಮಿಲ್ಲಿನವರು ಸುಮ್ನಿರ್ತಾರಾ, ಫೋಟೋಗಳೇ ಸುಳ್ಳು, ನಾಟಕ ಅಂದ್ರು. ಹೈನ್‌ಗೆ ಇದು ಮೊದಲೇ ಗೊತ್ತಿತ್ತು. 1909ರ ಒಂದು ಭಾಷಣದಲ್ಲಿ ಅವರೇ ಹೇಳಿದಾರೆ, ಫೋಟೋ ಸುಳ್ಳು ಹೇಳದೇ ಇರಬಹುದು, ಆದ್ರೆ ಸುಳ್ಳುಗಾರರೂ ಫೋಟೋ ತೆಗೀಬಹುದು ಅಂತ. ಅದಕ್ಕೇ ತಾರೀಕು, ಊರು, ಮಿಲ್ಲು, ಆದಷ್ಟು ಹೆಸರು, ಕೂಲಿ ಎಲ್ಲಾ ಬರೆದಿಡೋ ಶಿಸ್ತು. ಈಗ ವಾಟ್ಸಾಪಲ್ಲಿ ಊರು ತಾರೀಕು ಏನೂ ಇಲ್ಲದ ಫೋಟೋ ದಿನಾ ನೋಡೋ ನಮಗೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗಬೇಕು.

ತೆಗೆದ ಫೋಟೋ ಜನಕ್ಕೆ ತಲುಪಿದ್ದು ಹಾಫ್‌ಟೋನ್ ಅನ್ನೋ ಮುದ್ರಣ ವಿಧಾನದಿಂದ. ಫೋಟೋನ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಅಕ್ಷರದ ಜೊತೆಗೇ ಅಚ್ಚು ಹಾಕೋದು, ಅದಕ್ಕೂ ಮುಂಚೆ ಪೇಪರಲ್ಲಿ ಚಿತ್ರ ಬೇಕಂದ್ರೆ ಫೋಟೋ ನೋಡ್ಕೊಂಡು ಕಲಾವಿದರು ಕೆತ್ತಬೇಕಿತ್ತು, ಕೆತ್ತಿದ್ದನ್ನ ಯಾರು ಸಾಕ್ಷಿ ಅಂತ ಒಪ್ತಾರೆ. ಹೈನ್ ಫೋಟೋಗಳು ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ, ದೊಡ್ಡ ದೊಡ್ಡ ಪ್ರದರ್ಶನದ ಫಲಕಗಳಲ್ಲಿ ಬಂದ್ವು, ಭಾಷಣಗಳಲ್ಲಿ ಸ್ಲೈಡ್ ಹಾಕಿ ಗೋಡೆ ಮೇಲೆ ತೋರಿಸ್ತಿದ್ರು. ಹೈನ್ ಅವರದ್ದೇ ಇನ್ನೊಂದು ಮಾತಿದೆ, ನಿಮಗೆ ಈ ಬಾಲಕಾರ್ಮಿಕರ ಫೋಟೋ ನೋಡಿ ನೋಡಿ ಸಾಕಾಗಿರಬಹುದು, ನಮಗೂ ಸಾಕಾಗಿದೆ, ಆದ್ರೆ ಇಡೀ ದೇಶಕ್ಕೇ ಇದು ಸಾಕಪ್ಪಾ ಸಾಕು ಅನ್ನೋ ಹಾಗೆ ಮಾಡ್ತೀವಿ, ಆಗ ಈ ಫೋಟೋಗಳು ಹಿಂದಿನ ಕಾಲದ ದಾಖಲೆಯಾಗಿ ಉಳೀಲಿ ಅಂತ.

ಈ ಫೋಟೋಗಳಲ್ಲಿ ಯಾರಿಲ್ಲ ಅನ್ನೋದನ್ನೂ ಕೇಳಬೇಕು. ದಕ್ಷಿಣದ ಮಿಲ್ಲುಗಳಲ್ಲಿ ಮಷೀನು ನೋಡ್ಕೊಳ್ಳೋ ಕೆಲಸ ಬಿಳಿಯರಿಗೆ ಮಾತ್ರ ಅನ್ನೋ ಹಾಗಿತ್ತು, ಕಪ್ಪು ಜನರ ಮಕ್ಕಳು ಹೊಲಗಳಲ್ಲಿ ಹತ್ತಿ ಬಿಡಿಸ್ತಿದ್ರು. ಬಾಲಕಾರ್ಮಿಕ ಪದ್ಧತಿ ವಿರುದ್ಧದ ಚಳವಳಿಯಲ್ಲಿದ್ದ ಕೆಲವರು ಬಿಳಿ ಜನಾಂಗದ ಮಕ್ಕಳು ಹಾಳಾಗ್ತಿದಾರೆ ಅನ್ನೋ ವಾದವನ್ನ ಬಹಿರಂಗವಾಗೇ ಬಳಸಿದ್ರು, ಓದುಗರ ಮನಸ್ಸು ಕರಗೋಕೆ ಅದೂ ಒಂದು ಕಾರಣ ಆಗಿತ್ತು. ಹೈನ್ ಹೊಲದಲ್ಲಿ ದುಡಿಯೋ ಮಕ್ಕಳ ಫೋಟೋನೂ ತೆಗೆದ್ರು, ಆದ್ರೆ ಕಾನೂನುಗಳು ಮಿಲ್ಲು ಗಣಿ ಕಡೆ ಹೋದ್ವೇ ಹೊರತು ಹೊಲದ ಕಡೆ ಹೆಚ್ಚು ಹೋಗಲಿಲ್ಲ.

ಕಾನೂನಿನ ದಾರಿ ಬಹಳ ಉದ್ದ. 1912ರಲ್ಲಿ ಫೆಡರಲ್ ಸರ್ಕಾರದಲ್ಲೇ ಚಿಲ್ಡ್ರನ್ಸ್ ಬ್ಯೂರೋ ಅಂತ ಒಂದು ಕಚೇರಿ ಆಯ್ತು, ಮುಖ್ಯಸ್ಥೆ ಜೂಲಿಯಾ ಲ್ಯಾಥ್ರಾಪ್. ಆ ಕಚೇರಿ ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ಜನನ ನೋಂದಣಿ, ಎಲ್ಲಾ ಮಕ್ಕಳ ಹುಟ್ಟನ್ನೂ ಬರೆದಿಡಬೇಕು ಅನ್ನೋದು. ಹೈನ್ ಗುಂಡಿ ಲೆಕ್ಕದಲ್ಲಿ ಹುಡುಕ್ತಿದ್ದ ಉತ್ತರನ ಸರ್ಕಾರ ಕಾಗದದಲ್ಲಿ ಕೊಡೋಕೆ ಹೊರಟಿತ್ತು ಅಂತ ನಾನು ನೋಡ್ತೀನಿ. ಎಲ್ಲಾ ರಾಜ್ಯಗಳೂ ರಾಷ್ಟ್ರೀಯ ನೋಂದಣಿ ವ್ಯವಸ್ಥೆಗೆ ಸೇರೋಕೆ 1933 ಆಯ್ತು.

1916ರಲ್ಲಿ ಕೀಟಿಂಗ್-ಓವನ್ ಕಾಯ್ದೆ ಬಂತು. ರಾಜ್ಯದೊಳಗಿನ ಫ್ಯಾಕ್ಟರಿ ಮೇಲೆ ಕೇಂದ್ರಕ್ಕೆ ನೇರ ಅಧಿಕಾರ ಇರಲಿಲ್ಲ, ಅದಕ್ಕೆ ಬಳಸು ದಾರಿ ಹಿಡಿದ್ರು: 14ರ ಕೆಳಗಿನ ಮಕ್ಕಳನ್ನ ದುಡಿಸಿಕೊಂಡ ಫ್ಯಾಕ್ಟರಿ ಮಾಲನ್ನ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಳಿಸೋ ಹಾಗಿಲ್ಲ. 14ರಿಂದ 16ರವರಿಗೆ ದಿನಕ್ಕೆ 8 ಗಂಟೆ ಮಾತ್ರ, ರಾತ್ರಿ ಪಾಳಿ ಇಲ್ಲ. ಜಾರಿಗೆ ಬಂದಿದ್ದು 1917ರ ಸೆಪ್ಟೆಂಬರ್. ಮಿಲ್ ಮಾಲೀಕರ ಗುಂಪು ಮೊದಲೇ ರೆಡಿಯಾಗಿತ್ತು, ಅವರಿಗೆ ಬೇಕಿದ್ದು ಕೋರ್ಟಿಗೆ ಹೋಗೋಕೆ ಒಬ್ಬ ಅಪ್ಪ. ಶಾರ್ಲಟ್ ಊರಿನ ಮಿಲ್ಲಲ್ಲಿ ಇಬ್ಬರು ಮಕ್ಕಳ ಜೊತೆ ದುಡೀತಿದ್ದ ರೋಲಂಡ್ ಡೇಗನ್‌ಹಾರ್ಟ್ ಸಿಕ್ಕಿದ್ರು, ಒಬ್ಬ ಮಗ 14ರ ಕೆಳಗೆ, ಇನ್ನೊಬ್ಬ 14ರ ಮೇಲೆ. ನನ್ನ ಮಕ್ಕಳ ದುಡಿಮೆ ನನ್ನ ಹಕ್ಕು ಅನ್ನೋ ವಾದ. 1918ರ ಜೂನಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಕಾಯ್ದೆನೇ ಹೊಡೆದು ಹಾಕ್ತು.

ಆರೇಳು ವರ್ಷ ಆದ ಮೇಲೆ ಒಬ್ಬ ಪತ್ರಕರ್ತ ಆ ದೊಡ್ಡ ಮಗ ರೂಬೆನ್‌ನ ಹುಡುಕಿಕೊಂಡು ಹೋಗಿ ಕೇಸ್ ಗೆದ್ದು ನಿಮಗೇನು ಸಿಕ್ತು ಅಂತ ಕೇಳಿದ್ರು. ವಕೀಲರು ಬಂದಾಗ ಕಾರಲ್ಲಿ ಒಂದು ರೌಂಡು, ಕೋಕಾ ಕೋಲಾ, ಅಷ್ಟೇ ಅಂದ. ಇಪ್ಪತ್ತು ವರ್ಷ, ತೂಕ 105 ಪೌಂಡು, ಅಂದ್ರೆ 48 ಕೆಜಿ ಕೂಡ ಇಲ್ಲ, ಓದೂ ಇಲ್ಲ, ಅವರು ಗೆಲ್ಲದೇ ಇದ್ದಿದ್ರೆ ನಾನು ಇದಕ್ಕಿಂತ ಚೆನ್ನಾಗಿರ್ತಿದ್ದೆ ಅನ್ನೋ ಅರ್ಥದಲ್ಲಿ ಹೇಳಿದ. ಇಲ್ಲೂ ಕೊನೆಗೆ ಮೈ ಅಳತೆನೇ ಸಾಕ್ಷಿ ಆಯ್ತು.

ಆಮೇಲೆ ತೆರಿಗೆ ಹಾಕಿ ತಡೆಯೋ ಕಾನೂನು ಬಂತು, 1922ರಲ್ಲಿ ಅದೂ ಬಿತ್ತು. 1924ರಲ್ಲಿ ಸಂವಿಧಾನನೇ ತಿದ್ದೋಣ ಅಂತ ಹೊರಟ್ರು, ಸಾಕಷ್ಟು ರಾಜ್ಯಗಳು ಒಪ್ಪಲಿಲ್ಲ. ಕೊನೆಗೆ ಮಕ್ಕಳ ದುಡಿಮೆಗೆ ಮಿತಿ ಹಾಕಿದ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ನಿಂತ್ಕೊಳ್ತು, 1941ರಲ್ಲಿ ಕೋರ್ಟೂ ಒಪ್ತು. ಹಾಗಾಗಿ ಹೈನ್ ಫೋಟೋಗಳಿಂದ ಕಾನೂನು ಬಂತು ಅಂತ ಒಂದೇ ಸಾಲಲ್ಲಿ ಹೇಳೋರನ್ನ ನಾನು ಒಪ್ಪಲ್ಲ. ಮೂವತ್ತು ವರ್ಷ ಹಿಡೀತು, ಮಷೀನುಗಳು ಬದಲಾದ್ವು, ಆರ್ಥಿಕ ಕುಸಿತದಲ್ಲಿ ದೊಡ್ಡವರಿಗೇ ಕೆಲಸ ಇಲ್ಲದಾಯ್ತು, ಯೂನಿಯನ್ನುಗಳು ಹೋರಾಡಿದ್ವು. ಫೋಟೋ ಮಾಡಿದ್ದೇನಂದ್ರೆ ನನಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳೋಕಾಗದ ಹಾಗೆ ಮಾಡಿದ್ದು.

ಹೆಲ್ಪರ್ ಅನ್ನೋ ಪದ ಓದಿದಾಗೆಲ್ಲ ನನಗೆ ನಮ್ಮೂರೇ ನೆನಪಾಗುತ್ತೆ. ಮಾಗಡಿ, ರಾಮನಗರದ ಕಡೆ ರೇಷ್ಮೆ ನೂಲು ಬಿಚ್ಚಾಣಿಕೆ, ಹುರಿ ಹಾಕೋ ಘಟಕಗಳಲ್ಲಿ ಅಪ್ಪ ಅಮ್ಮ ತಗೊಂಡ ಮುಂಗಡ ತೀರಿಸೋಕೆ ಮಕ್ಕಳು ದುಡೀತಿದ್ದದ್ದು ಬಹಳ ಹಿಂದಿನ ಮಾತಲ್ಲ, 2000ದ ಆಸುಪಾಸಲ್ಲೂ ವರದಿಗಳು ಬಂದಿವೆ. 2016ರಲ್ಲಿ ನಮ್ಮ ಬಾಲಕಾರ್ಮಿಕ ಕಾಯ್ದೆ ತಿದ್ದಿದಾಗ 14ರ ಕೆಳಗೆ ಕೆಲಸ ಪೂರ್ತಿ ನಿಷೇಧ ಅಂತ ಬಂತು, ಜೊತೆಗೇ ಸ್ಕೂಲು ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯ ಇಲ್ಲದ ಮನೆ ಉದ್ಯೋಗದಲ್ಲಿ ಕುಟುಂಬಕ್ಕೆ ಸಹಾಯ ಮಾಡಬಹುದು ಅಂತಲೂ ಇದೆ. ಮನೇಲಿ ಮಗು ಕೈಜೋಡಿಸೋದು ತಪ್ಪಂತ ನಾನು ಹೇಳ್ತಿಲ್ಲ, ಆದ್ರೆ ಸಹಾಯ ಎಲ್ಲಿ ಮುಗಿದು ಕೂಲಿ ಎಲ್ಲಿ ಶುರುವಾಯ್ತು ಅಂತ ಮನೆ ಬಾಗಿಲ ಹಿಂದೆ ಹೋಗಿ ನೋಡೋರು ಯಾರು ಅನ್ನೋ ಪ್ರಶ್ನೆ 1908ರದ್ದೇ.

ಹೈನ್ ಕೊನೆ ಚೆನ್ನಾಗಿರಲಿಲ್ಲ. 1930-31ರಲ್ಲಿ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಟ್ಟೋವಾಗ ಆಕಾಶದಲ್ಲಿ ನೇತಾಡೋ ಕೆಲಸಗಾರರ ಫೋಟೋ ತೆಗೆದ್ರು, ಆಮೇಲೆ ಕೆಲಸ ಸಿಗೋದು ಕಮ್ಮಿಯಾಯ್ತು, ಮನೆನೂ ಕೈಬಿಡ್ತು, 1940ರ ನವೆಂಬರಲ್ಲಿ ಬಡತನದಲ್ಲೇ ತೀರ್ಕೊಂಡ್ರು. ಚೈಲ್ಡ್ ಲೇಬರ್ ಕಮಿಟಿ ತನ್ನ ಹತ್ರ ಇದ್ದ 5,000ಕ್ಕೂ ಹೆಚ್ಚು ಫೋಟೋಗಳನ್ನ 1954ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡ್ತು, ಈಗ ಆನ್‌ಲೈನಲ್ಲಿ ಯಾರು ಬೇಕಾದ್ರೂ ಕ್ಯಾಪ್ಷನ್ ಸಮೇತ ನೋಡಬಹುದು. ನೋಡೋದಾದ್ರೆ ದಯವಿಟ್ಟು ಕ್ಯಾಪ್ಷನ್ ಬಿಟ್ಟು ನೋಡಬೇಡಿ.

ಕ್ಯಾಪ್ಷನ್‌ಗಳಲ್ಲೂ ತಪ್ಪಿವೆ. 1910ರಲ್ಲಿ ವರ್ಮಾಂಟಿನ ನಾರ್ತ್ ಪೌನಲ್ ಮಿಲ್ಲಲ್ಲಿ ಬರಿಗಾಲಲ್ಲಿ, ಮಷೀನಿಗೆ ಕೈ ಊರಿ ನಿಂತ ಆಡಿ ಅನ್ನೋ ಹುಡುಗಿ ಫೋಟೋ ಬಹಳ ಫೇಮಸ್ಸು, 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಸ್ಟ್ಯಾಂಪೂ ಮಾಡ್ತು. ಎಷ್ಟೋ ವರ್ಷ ಅವಳ ಸರ್‌ನೇಮ್ ಲೇರ್ಡ್ ಅಂತ ಓಡಾಡ್ತಿತ್ತು, ಹಾಗಾಗಿ ಯಾರಿಗೂ ಪತ್ತೆ ಸಿಗಲಿಲ್ಲ. ಆಮೇಲೆ ಹುಡುಕಿದೋರು ಹಳೇ ಜನಗಣತಿ ಪುಟಗಳನ್ನ ತಿರುವಿ ಕಾರ್ಡ್ ಅನ್ನೋ ಸರಿಯಾದ ಹೆಸರು ಹಿಡಿದ್ರು, ಅವಳು ತೊಂಬತ್ತು ದಾಟಿ ಬದುಕಿ 1993ರಲ್ಲಿ ತೀರ್ಕೊಂಡಿದ್ಲು, ಸ್ಟ್ಯಾಂಪ್ ಬರೋಕೆ ಐದು ವರ್ಷ ಮುಂಚೆ.

ವಿಟ್ನೆಲ್ಲಿನ ಹುಡುಗಿಗೆ ಅಂಥ ದಾರಿ ಕೂಡ ಇಲ್ಲ. 51 ಇಂಚು, 4 ಸೈಡ್, 48 ಸೆಂಟ್, ಕೆಲವು ಸಲ ರಾತ್ರಿ ಪಾಳಿ, ಅವಳು ಗುಟ್ಟಾಗಿ ಹೇಳಿದ ಮಾತು, ಎಲ್ಲಾ ಬರೆದಿದೆ, ಹೆಸರೊಂದನ್ನ ಹೈನ್ ಬರೆದಿಲ್ಲ.